ಹೊಸ ಶಾಲೆಯ ತಂಡದಲ್ಲಿ ನೆಲೆ ಕಂಡುಕೊಳ್ಳುವುದು: ಟ್ರಾನ್ಸ್‌ಜೆಂಡರ್ ವಿದ್ಯಾರ್ಥಿ ಕ್ರೀಡಾಪಟುಗಳಿಗೆ ಕೈಪಿಡಿ

ಹೊಸ ಪ್ರೌಢಶಾಲೆಗೆ ಸೇರಿದ ಟ್ರಾನ್ಸ್‌ಜೆಂಡರ್ ವಿದ್ಯಾರ್ಥಿ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು, ತನ್ನ ವಿಷಯವನ್ನು ಯಾರಿಗೆ ಯಾವಾಗ ಹೇಳಬೇಕೆಂದು ನಿಧಾನವಾಗಿ ಯೋಚಿಸಬಹುದು. ಆಟದ ಮೈದಾನ ಅಷ್ಟು ಕಾಲಾವಕಾಶ ಕೊಡುವುದಿಲ್ಲ. ಹುಡುಗರ ತಂಡವೋ ಹುಡುಗಿಯರ ತಂಡವೋ, ಬಟ್ಟೆ ಬದಲಿಸುವುದು ಯಾವ ಕೋಣೆಯಲ್ಲಿ, ಪಟ್ಟಿಯಲ್ಲಿ ಬರೆಯಬೇಕಾದ ಹೆಸರು ಯಾವುದು ಎಂಬ ಪ್ರಶ್ನೆಗಳು ಮೊದಲ ದಿನವೇ ಎದುರಾಗುತ್ತವೆ. ಆದರೆ ಮೈದಾನಕ್ಕೆ ಒಂದು ಒಳ್ಳೆಯ ಗುಣವೂ ಇದೆ. ಚೆಂಡನ್ನು ಸರಿಯಾದ ಹೊತ್ತಿಗೆ ದಾಟಿಸುವವರನ್ನು, ಸೋತ ಪಂದ್ಯದ ಮರುದಿನವೂ ತಪ್ಪದೆ ಅಭ್ಯಾಸಕ್ಕೆ ಬರುವವರನ್ನು ತಂಡ ಬೇಗನೆ ತನ್ನವರೆಂದು ಎಣಿಸತೊಡಗುತ್ತದೆ.

ಈ ಕೈಪಿಡಿಯನ್ನು ಮುಖ್ಯವಾಗಿ ವಿದ್ಯಾರ್ಥಿಗಳಾದ ನಿಮ್ಮನ್ನು ಉದ್ದೇಶಿಸಿ ಬರೆಯಲಾಗಿದೆ. ಪೋಷಕರು ಮತ್ತು ಕೋಚ್‌ಗಳು ಮಾಡಬೇಕಾದ ಕೆಲಸಗಳೂ ಅಲ್ಲಲ್ಲಿ ಬರುತ್ತವೆ. ಎದುರಿಗಿರುವ ಕೆಲಸಗಳು ಎರಡು. ಅರ್ಹತೆ, ದಾಖಲೆ, ಕೋಣೆ, ಔಷಧಿ ಇವೆಲ್ಲ ನಿಯಮದ ಕೆಲಸ. ಗೆಳೆತನ, ನಂಬಿಕೆ, ತಮಾಷೆಯಲ್ಲಿ ಪಾಲು ಇವು ಬಳಗದ ಕೆಲಸ. ಮೊದಲನೆಯದನ್ನು ಆದಷ್ಟೂ ದೊಡ್ಡವರ ಹೆಗಲಿಗೆ ಹಾಕಬೇಕು, ಮತ್ತು ಅದನ್ನು ಎರಡನೆಯದು ಶುರುವಾಗುವ ಮೊದಲೇ ಮುಗಿಸಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಎರಡನ್ನೂ ಒಟ್ಟಿಗೆ ಹೊತ್ತುಕೊಂಡು ಮೈದಾನಕ್ಕಿಳಿದ ಹದಿನೈದು ವರ್ಷದ ಮಗುವಿಗೆ ಆಟದ ಮೇಲೆ ಗಮನ ಉಳಿಯುವುದಿಲ್ಲ.

ಶಾಲೆ ಆರಂಭವಾಗುವ ಮುನ್ನ

ಸಾಧ್ಯವಾದರೆ ತರಗತಿಗಳು ಶುರುವಾಗುವುದಕ್ಕೆ ಎರಡು ಮೂರು ವಾರ ಮೊದಲೇ ಪೋಷಕರೊಂದಿಗೆ ಶಾಲೆಗೆ ಹೋಗಿ ಮುಖ್ಯೋಪಾಧ್ಯಾಯರನ್ನೂ ಕೋಚ್ ಅವರನ್ನೂ ಭೇಟಿಯಾಗಿ. ಮನೆಯವರ ಬೆಂಬಲ ಇನ್ನೂ ದೊರೆಯದಿದ್ದರೆ ಆಪ್ತಸಮಾಲೋಚಕರು ಅಥವಾ ನೀವು ನಂಬುವ ಒಬ್ಬ ಶಿಕ್ಷಕರು ಆ ಸ್ಥಾನದಲ್ಲಿರಬಹುದು. ಆದರೆ ಅಂಥ ಸಂದರ್ಭದಲ್ಲಿ, ಶಾಲೆಯಿಂದ ಮನೆಗೆ ಹೋಗುವ ಪತ್ರ ಮತ್ತು ಫೋನ್ ಕರೆಗಳಲ್ಲಿ ಯಾವ ಹೆಸರು ಇರಬೇಕು, ಮನೆಗೆ ಏನನ್ನು ತಿಳಿಸಲೇಬೇಕೆಂದು ಶಾಲೆಯ ನಿಯಮ ಹೇಳುತ್ತದೆ ಎಂಬುದನ್ನು ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕು. ಕೆಲವು ಕಡೆ ಶಿಕ್ಷಕರು ಇಂಥ ವಿಷಯವನ್ನು ಪೋಷಕರಿಂದ ಮುಚ್ಚಿಡುವಂತಿಲ್ಲ. ಅದು ಗೊತ್ತಾಗುವುದು ಹೇಳಿದ ಮೇಲಲ್ಲ, ಹೇಳುವ ಮೊದಲು ಆಗಿರಬೇಕು.

ಭೇಟಿಗೆ ಹೋಗುವಾಗ ಒಂದು ಕಾಗದದಲ್ಲಿ ಪ್ರಶ್ನೆಗಳನ್ನು ಬರೆದುಕೊಂಡು ಹೋಗುವುದು ಒಳ್ಳೆಯದು, ಏಕೆಂದರೆ ಇಂಥ ಮಾತುಕತೆಗಳು ಬೇಗ ‘ನಮ್ಮ ಶಾಲೆಯಲ್ಲಿ ಎಲ್ಲರೂ ಒಂದೇ, ಚಿಂತೆ ಬೇಡ’ ಎಂಬ ಸೌಜನ್ಯದ ಮಾತಿನಲ್ಲಿ ಮುಗಿದುಬಿಡುತ್ತವೆ. ಆ ಸೌಜನ್ಯ ಪ್ರಾಮಾಣಿಕವೇ ಇರಬಹುದು, ಆದರೆ ಅದರಿಂದ ಹಾಜರಿ ಪುಸ್ತಕದ ಹೆಸರು ಬದಲಾಗುವುದಿಲ್ಲ. ಹಳೆಯ ಹೆಸರು ಹೊರಬೀಳುವುದು ಸಾಮಾನ್ಯವಾಗಿ ಯಾರದೋ ದ್ವೇಷದಿಂದಲ್ಲ, ಯಾರೂ ಗಮನಿಸದ ಒಂದು ಪಟ್ಟಿಯಿಂದ: ಬದಲಿ ಶಿಕ್ಷಕರ ಕೈಗೆ ಹೋಗುವ ಹಾಜರಿ ಪಟ್ಟಿ, ಬಸ್ಸಿನ ಪಟ್ಟಿ, ವೈದ್ಯಕೀಯ ತಪಾಸಣೆಯ ಕಾರ್ಡು, ಜೆರ್ಸಿಯ ಬೆನ್ನಿನ ಮೇಲಿನ ಅಕ್ಷರ, ಪಂದ್ಯದ ಸ್ಕೋರ್ ಶೀಟು, ಮೈಕಿನಲ್ಲಿ ಆಟಗಾರರ ಹೆಸರು ಓದುವವರ ಕೈಯಲ್ಲಿರುವ ಚೀಟಿ. ಕಾನೂನಿನ ದಾಖಲೆಯಲ್ಲಿ ಹಳೆಯ ಹೆಸರೇ ಉಳಿದಿದ್ದರೂ, ದಿನನಿತ್ಯ ಬಳಸುವ ಈ ಪಟ್ಟಿಗಳಲ್ಲಿ ಹೊಸ ಹೆಸರು ಬಳಸಲು ಅನೇಕ ಶಾಲೆಗಳಲ್ಲಿ ಅವಕಾಶವಿರುತ್ತದೆ. ಯಾವ ಪಟ್ಟಿ ಎಲ್ಲಿಂದ ತಯಾರಾಗುತ್ತದೆ ಎಂದು ಒಂದೊಂದಾಗಿ ಕೇಳಿ.

ಇದು ಬರಿಯ ಮುಜುಗರದ ಪ್ರಶ್ನೆಯಲ್ಲ. ಅಮೆರಿಕದ 129 ಟ್ರಾನ್ಸ್‌ಜೆಂಡರ್ ಹಾಗೂ ಲಿಂಗತ್ವ ಭಿನ್ನತೆಯ ಯುವಜನರನ್ನು ಕುರಿತು 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮನೆ, ಶಾಲೆ, ಕೆಲಸ, ಗೆಳೆಯರು ಎಂಬ ನಾಲ್ಕು ಕಡೆಗಳ ಪೈಕಿ ಹೆಚ್ಚು ಕಡೆ ತಾವೇ ಆರಿಸಿಕೊಂಡ ಹೆಸರಿನಿಂದ ಕರೆಸಿಕೊಳ್ಳುತ್ತಿದ್ದವರಲ್ಲಿ ಖಿನ್ನತೆಯೂ ಆತ್ಮಹತ್ಯೆಯ ಯೋಚನೆಯೂ ಕಡಿಮೆ ಇರುವುದು ಕಂಡುಬಂದಿತು. ಶಾಲೆಯ ಆಡಳಿತದವರು ‘ಹೆಸರಿನಲ್ಲೇನಿದೆ’ ಎಂದರೆ ಕೊಡಬಹುದಾದ ಉತ್ತರ ಇದು. ‘ಇದೊಂದು ಮಾನಸಿಕ ಕಾಯಿಲೆ’ ಎನ್ನುವವರು ಸಿಕ್ಕರೆ, ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿ 2022ರ ಜನವರಿಯಿಂದ ಜಾರಿಗೆ ತಂದ ರೋಗಗಳ ವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ ಇದನ್ನು ಮಾನಸಿಕ ಅಸ್ವಸ್ಥತೆಗಳ ಅಧ್ಯಾಯದಿಂದ ಹೊರತೆಗೆಯಲಾಗಿದೆ ಎಂದು ತಿಳಿಸಿದರೆ ಸಾಕು. ಹೆಚ್ಚು ವಾದ ಬೇಕಿಲ್ಲ.

ಅರ್ಹತೆಯ ನಿಯಮಗಳನ್ನು ಓದುವ ಬಗೆ

ಕೈಪಿಡಿಯ ಅತ್ಯಂತ ಕಠಿಣ ಭಾಗ ಇದೇ. ಇಲ್ಲಿ ಸುಳ್ಳು ಸಮಾಧಾನ ಹೇಳುವುದರಿಂದ ಪ್ರಯೋಜನವಿಲ್ಲ. ನೀವು ಯಾವ ವಿಭಾಗದಲ್ಲಿ ಆಡಬಹುದು ಎಂಬುದನ್ನು ತೀರ್ಮಾನಿಸುವುದು ಶಾಲೆಯೊಂದೇ ಅಲ್ಲ. ಶಾಲೆಯೊಳಗಿನ ಅಭ್ಯಾಸ ಮತ್ತು ಸ್ನೇಹ ಪಂದ್ಯಗಳಿಗೆ ಶಾಲೆಯ ನಿಯಮ, ಅಂತರಶಾಲಾ ಪಂದ್ಯಗಳಿಗೆ ಅವನ್ನು ನಡೆಸುವ ಸಂಘದ ನಿಯಮ, ಅದಕ್ಕೂ ಮೇಲೆ ರಾಷ್ಟ್ರೀಯ ಮತ್ತು ಅಂತರರಾಷ್ಟ್ರೀಯ ಒಕ್ಕೂಟಗಳ ನಿಯಮ ಅನ್ವಯಿಸುತ್ತವೆ, ಮತ್ತು ಈ ಮೂರೂ ಒಂದೇ ರೀತಿ ಇರಬೇಕೆಂದಿಲ್ಲ. ಗುರುತಿನ ಚೀಟಿಯಲ್ಲಿ ಲಿಂಗದ ನಮೂದು ಬದಲಾಗಿದ್ದರೂ ಕ್ರೀಡಾ ಅರ್ಹತೆ ತಾನಾಗಿ ಬದಲಾಗುತ್ತದೆ ಎಂದು ಭಾವಿಸಬೇಡಿ. ಅನೇಕ ಒಕ್ಕೂಟಗಳು ಚೀಟಿಯನ್ನು ನೋಡುವುದೇ ಇಲ್ಲ.

ವಿಶ್ವ ಈಜು ಒಕ್ಕೂಟವು 2022ರ ಜೂನ್‌ನಲ್ಲಿ, ಪುರುಷ ಪ್ರೌಢಾವಸ್ಥೆಯ ಬದಲಾವಣೆಗಳು ಒಂದು ಹಂತ ದಾಟುವುದು ಅಥವಾ 12 ವರ್ಷ ತುಂಬುವುದು, ಇವೆರಡರಲ್ಲಿ ಯಾವುದು ತಡವೋ ಅದರ ನಂತರ ಪರಿವರ್ತನೆಗೊಂಡ ಟ್ರಾನ್ಸ್ ಮಹಿಳೆಯರು, ಅಂದರೆ ಹುಟ್ಟಿದಾಗ ಗಂಡೆಂದು ದಾಖಲಾಗಿದ್ದ ಮಹಿಳೆಯರು, ಮಹಿಳಾ ವಿಭಾಗಕ್ಕೆ ಅರ್ಹರಲ್ಲ ಎಂದು ತೀರ್ಮಾನಿಸಿತು. ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ 2023ರ ಮಾರ್ಚ್ 31ರಿಂದ ಇಂಥದೇ ನಿಯಮ ತಂದು, 2025ರ ಸೆಪ್ಟೆಂಬರ್ 1ರಿಂದ ಮಹಿಳಾ ವಿಭಾಗದಲ್ಲಿ ಸ್ಪರ್ಧಿಸುವವರೆಲ್ಲರಿಗೂ ಜೀವಮಾನದಲ್ಲಿ ಒಮ್ಮೆ ಜೀನ್ ಪರೀಕ್ಷೆಯನ್ನು ಕಡ್ಡಾಯಗೊಳಿಸಿತು. ಇವು ವಿಶ್ವಮಟ್ಟದ ಸ್ಪರ್ಧೆಗಳ ನಿಯಮಗಳು. ನಿಮ್ಮ ಶಾಲೆಯ ಸಂಜೆಯ ಅಭ್ಯಾಸಕ್ಕೆ ಅವು ಸಂಬಂಧಿಸಿದ್ದಲ್ಲ. ಆದರೆ ಸುದ್ದಿ ಓದಿದ ಯಾರೋ ಒಬ್ಬರು ‘ನಿಷೇಧ ಆಗಿದೆಯಲ್ಲ’ ಎಂದಾಗ ಕೋಚ್ ಗೊಂದಲಕ್ಕೆ ಬೀಳುವುದುಂಟು, ಆದ್ದರಿಂದ ಯಾವ ನಿಯಮ ಎಲ್ಲಿಗೆ ಅನ್ವಯಿಸುತ್ತದೆ ಎಂಬ ವ್ಯತ್ಯಾಸ ನಿಮಗೆ ತಿಳಿದಿರಲಿ.

ಒಂದೇ ದೇಶದೊಳಗೂ ನಿಯಮ ಎಷ್ಟು ಬೇರೆಯಾಗಿರಬಹುದು ಎಂಬುದಕ್ಕೆ ಅಮೆರಿಕವೇ ಸಾಕ್ಷಿ. ಕ್ಯಾಲಿಫೋರ್ನಿಯಾದಲ್ಲಿ 2014ರ ಜನವರಿಯಿಂದ ಜಾರಿಯಲ್ಲಿರುವ ಕಾನೂನು, ವಿದ್ಯಾರ್ಥಿಗಳು ತಮ್ಮ ಲಿಂಗತ್ವಕ್ಕೆ ತಕ್ಕ ತಂಡದಲ್ಲಿ ಆಡಲು ಅವಕಾಶ ಕೊಟ್ಟಿತು. ಐಡಾಹೊ 2020ರಲ್ಲಿ ಟ್ರಾನ್ಸ್ ಹುಡುಗಿಯರನ್ನು ಹುಡುಗಿಯರ ತಂಡಗಳಿಂದ ಹೊರಗಿಡುವ ಮೊದಲ ರಾಜ್ಯವಾಯಿತು, ಆಮೇಲೆ ಅರ್ಧಕ್ಕಿಂತ ಹೆಚ್ಚು ರಾಜ್ಯಗಳು ಅದೇ ದಾರಿ ಹಿಡಿದವು. ನಿಯಮ ಬರೆದವರು ಊಹಿಸದ ಪರಿಣಾಮಗಳೂ ಉಂಟು. ಜನನ ಪ್ರಮಾಣಪತ್ರದಲ್ಲಿರುವ ಲಿಂಗದ ಪ್ರಕಾರವೇ ಸ್ಪರ್ಧಿಸಬೇಕೆಂಬ ನಿಯಮವಿದ್ದ ಟೆಕ್ಸಾಸ್‌ನಲ್ಲಿ, ಹುಟ್ಟಿದಾಗ ಹೆಣ್ಣೆಂದು ದಾಖಲಾಗಿದ್ದ, ಹುಡುಗರೊಂದಿಗೆ ಸೆಣಸಲು ಬಯಸಿದ್ದ ಟ್ರಾನ್ಸ್ ಹುಡುಗ ಮ್ಯಾಕ್ ಬೆಗ್ಸ್ ವೈದ್ಯರ ಸಲಹೆಯಂತೆ ಪುರುಷ ಹಾರ್ಮೋನಾದ ಟೆಸ್ಟೋಸ್ಟೆರೋನ್ ತೆಗೆದುಕೊಳ್ಳುತ್ತಲೇ 2017 ಮತ್ತು 2018ರಲ್ಲಿ ಹುಡುಗಿಯರ ರಾಜ್ಯಮಟ್ಟದ ಕುಸ್ತಿಯಲ್ಲಿ ಗೆಲ್ಲಬೇಕಾಯಿತು. ಗೆದ್ದ ಹುಡುಗನಿಗೂ ಸೋತ ಹುಡುಗಿಯರಿಗೂ ಆ ನಿಯಮ ನ್ಯಾಯ ಒದಗಿಸಲಿಲ್ಲ.

ವಾದದ ಇನ್ನೊಂದು ಮಗ್ಗುಲನ್ನೂ ನೀವು ತಿಳಿದಿರಬೇಕು, ಏಕೆಂದರೆ ಅದನ್ನು ಎತ್ತುವವರೆಲ್ಲ ನಿಮ್ಮ ವೈರಿಗಳಲ್ಲ. ಪ್ರೌಢಾವಸ್ಥೆಗೆ ಮುನ್ನ ಹುಡುಗ ಹುಡುಗಿಯರ ಸಾಮರ್ಥ್ಯದಲ್ಲಿ ವ್ಯತ್ಯಾಸ ಅಲ್ಪ. ಪ್ರೌಢಾವಸ್ಥೆಯಲ್ಲಿ ಟೆಸ್ಟೋಸ್ಟೆರೋನ್ ಎತ್ತರ, ಸ್ನಾಯು, ಹಿಮೋಗ್ಲೋಬಿನ್‌ಗಳನ್ನು ಹೆಚ್ಚಿಸುವುದರಿಂದ ಅಂತರ ಬೆಳೆಯುತ್ತದೆ. ವಯಸ್ಕರಲ್ಲಿ ಟೆಸ್ಟೋಸ್ಟೆರೋನ್ ತಗ್ಗಿಸಿದಾಗ ಹಿಮೋಗ್ಲೋಬಿನ್ ಕೆಲವೇ ತಿಂಗಳಲ್ಲಿ ಮಹಿಳೆಯರ ಮಟ್ಟಕ್ಕೆ ಇಳಿಯುತ್ತದೆ, ಸ್ನಾಯುಬಲ ಅದಕ್ಕಿಂತ ಬಹಳ ನಿಧಾನವಾಗಿ ಕುಗ್ಗುತ್ತದೆ, ಮೂಳೆಯ ಉದ್ದ ಬದಲಾಗುವುದಿಲ್ಲ. ಹಾಗೆಂದು ಪ್ರತಿಯೊಬ್ಬ ಟ್ರಾನ್ಸ್ ಹುಡುಗಿಯೂ ಗೆಲ್ಲುತ್ತಾಳೆಂದು ಅರ್ಥವಲ್ಲ: ಟೋಕಿಯೊ ಒಲಿಂಪಿಕ್ಸ್‌ನ ಭಾರ ಎತ್ತುವ ಸ್ಪರ್ಧೆಯಲ್ಲಿ ನ್ಯೂಜಿಲೆಂಡಿನ ಟ್ರಾನ್ಸ್ ಮಹಿಳೆ ಲಾರೆಲ್ ಹಬ್ಬರ್ಡ್ 2021ರ ಆಗಸ್ಟ್ 2ರಂದು ತಮ್ಮ ಮೂರೂ ಪ್ರಯತ್ನಗಳಲ್ಲಿ ವಿಫಲರಾಗಿ ಹೊರನಡೆದರು. ಈ ಚರ್ಚೆಯನ್ನು ತಂಡದ ಅಭ್ಯಾಸದ ನಡುವೆ ಗೆಲ್ಲುವ ಅಗತ್ಯ ನಿಮಗಿಲ್ಲ. ‘ನಿಯಮ ಏನು ಹೇಳುತ್ತದೋ ಅದರಂತೆ ನಾನು ಆಡುತ್ತಿದ್ದೇನೆ, ಉಳಿದದ್ದನ್ನು ಕೋಚ್ ಅವರನ್ನು ಕೇಳಿ’ ಎಂಬ ಒಂದು ವಾಕ್ಯವನ್ನು ಬಾಯಿಪಾಠ ಮಾಡಿಕೊಂಡಿರಿ.

ಅರ್ಹತೆಯ ಬಗ್ಗೆ ಬಂದ ಉತ್ತರ ಯಾವಾಗಲೂ ಬರಹದಲ್ಲಿರಲಿ. ‘ಸಮಸ್ಯೆಯೇನೂ ಇಲ್ಲ, ಆಡಿಸೋಣ’ ಎಂದು ಬಾಯಲ್ಲಿ ಹೇಳಿದ್ದು ಸೆಮಿಫೈನಲ್‌ನ ಹಿಂದಿನ ಸಂಜೆ ಎದುರಾಳಿ ತಂಡ ದೂರು ಕೊಟ್ಟಾಗ ಉಪಯೋಗಕ್ಕೆ ಬರುವುದಿಲ್ಲ. ನಿಯಮದ ಪ್ರತಿ, ಸಂಘದ ಪತ್ರ, ವೈದ್ಯರ ಚೀಟಿ ಒಂದೇ ಕಡತದಲ್ಲಿ ಪೋಷಕರ ಬಳಿ ಇರಲಿ. ಕೋಚ್ ಬಳಿ ಅರ್ಹತೆಯ ಪತ್ರದ ನಕಲು ಮಾತ್ರ ಇದ್ದರೆ ಸಾಕು, ವೈದ್ಯಕೀಯ ವಿವರ ಬೇಕಿಲ್ಲ.

ಹೆಸರು, ಸರ್ವನಾಮ, ಕ್ರಿಯಾಪದ

ಕನ್ನಡದಲ್ಲಿ ಆಡುವ ತಂಡಕ್ಕೆ ಇಲ್ಲಿ ಒಂದು ವಿಶೇಷ ತೊಡಕಿದೆ. ‘ಅವನು’, ‘ಅವಳು’ ಎಂಬ ಪದವನ್ನು ಬಿಟ್ಟು ಬರಿಯ ಹೆಸರನ್ನೇ ಬಳಸಿದರೂ ‘ಓಡಿದಳು’, ‘ಬಿದ್ದ’ ಎಂದು ಕ್ರಿಯಾಪದದ ತುದಿಯೇ ಲಿಂಗವನ್ನು ಹೇಳಿಬಿಡುತ್ತದೆ. ಆದ್ದರಿಂದ ಕೋಚ್‌ಗೆ ನಿಮ್ಮ ಬಗ್ಗೆ ಹೇಳುವಾಗ ಸರ್ವನಾಮವನ್ನಷ್ಟೇ ಹೇಳದೆ ಇಡೀ ವಾಕ್ಯವನ್ನೇ ಹೇಳಿಕೊಡಿ: ‘ನನ್ನ ಬಗ್ಗೆ ಮಾತಾಡುವಾಗ, ಅವಳು ಬಂದಳು ಅಂತ ಹೇಳಿ ಸರ್.’ ಅನುಕೂಲವೂ ಇಲ್ಲದಿಲ್ಲ. ‘ನಾನು ಬಂದೆ’, ‘ನೀನು ಬಂದೆ’ ಎಂಬಲ್ಲಿ ಲಿಂಗದ ಸುಳಿವಿಲ್ಲ, ಹಾಗಾಗಿ ಮೈದಾನದ ಅಂಚಿನಿಂದ ನೇರವಾಗಿ ನಿಮಗೆ ಕೂಗಿ ಹೇಳುವ ಸೂಚನೆಗಳಲ್ಲಿ ತಪ್ಪಿಗೆ ಅವಕಾಶ ಕಡಿಮೆ.

‘ಅವರು ಬಂದರು’ ಎಂಬ ಗೌರವರೂಪ ಕೆಲವರಿಗೆ ನಿಜವಾಗಿ ಒಪ್ಪುವ ರೂಪ. ಗಂಡು ಹೆಣ್ಣೆಂಬ ಎರಡರಲ್ಲೂ ತಮ್ಮನ್ನು ಕಾಣದವರು, ಉದಾಹರಣೆಗೆ ಟೋಕಿಯೊದಲ್ಲಿ ಚಿನ್ನ ಗೆದ್ದ ಕೆನಡಾದ ಫುಟ್‌ಬಾಲ್ ಆಟಗಾರ ಕ್ವಿನ್ ಅಂಥವರ ಬಗ್ಗೆ ಕನ್ನಡದಲ್ಲಿ ಬರೆಯಲು ಇದಕ್ಕಿಂತ ಸಹಜವಾದ ದಾರಿಯಿಲ್ಲ. ಆದರೆ ಟ್ರಾನ್ಸ್ ಹುಡುಗಿಯೊಬ್ಬಳ ವಿಷಯದಲ್ಲಿ ತಂಡದ ಉಳಿದವರೆಲ್ಲ ‘ಅವಳು’ ಆಗಿ ಆಕೆಯೊಬ್ಬಳು ಮಾತ್ರ ‘ಅವರು’ ಆದರೆ, ಅದು ಗೌರವದ ವೇಷದ ದೂರವಿಡುವಿಕೆ. ಕೋಚ್‌ಗಳು ಇದನ್ನು ಗಮನಿಸಬೇಕು. ಗೆಳೆಯರ ನಡುವೆ ಲಿಂಗ ಇನ್ನೂ ಸೂಕ್ಷ್ಮವಾಗಿ, ‘ಬಾರೋ’, ‘ಬಾರೇ’, ‘ಅಲ್ಲ ಕಣೋ’, ‘ಅಲ್ಲ ಕಣೇ’ ಎಂಬಲ್ಲಿ ಅಡಗಿರುತ್ತದೆ. ಇದನ್ನು ಯಾರಿಂದಲೂ ಒತ್ತಾಯಿಸಿ ಹೇಳಿಸಲಾಗದು, ಹೇಳಿಸಲೂಬಾರದು. ಬೆವರು ಒರೆಸಿಕೊಳ್ಳುತ್ತಾ ಯಾರೋ ಯೋಚಿಸದೆ ‘ನೀರು ಕೊಡೇ’ ಎಂದ ದಿನ ನಿಮಗೆ ಗೊತ್ತಾಗುತ್ತದೆ. ಅಲ್ಲಿಯವರೆಗೆ ಅವರು ಎಡವಿದಾಗ ಒಂದೇ ಪದದಲ್ಲಿ ತಿದ್ದಿ ಆಟ ಮುಂದುವರಿಸಿ. ಎಡವಿದವರು ಹತ್ತು ನಿಮಿಷ ಕ್ಷಮೆ ಕೇಳುತ್ತಾ ನಿಂತರೆ ಕೊನೆಗೆ ನೀವೇ ಅವರನ್ನು ಸಮಾಧಾನಪಡಿಸಬೇಕಾಗುತ್ತದೆ.

ಕೋಣೆ, ಉಡುಪು, ಶರೀರ

ಬಟ್ಟೆ ಬದಲಿಸುವ ಕೋಣೆಯ ವ್ಯವಸ್ಥೆಯನ್ನು ಮೊದಲ ಅಭ್ಯಾಸಕ್ಕೆ ಮುನ್ನವೇ ಖಚಿತಪಡಿಸಿಕೊಳ್ಳಿ. ನಿಮಗೊಬ್ಬರಿಗೇ ದೂರದ ಕಚೇರಿಯ ಶೌಚಾಲಯ ತೋರಿಸುವುದಕ್ಕಿಂತ, ಎಲ್ಲರೂ ಬಳಸಬಹುದಾದ, ಚಿಲಕ ಹಾಕಿಕೊಳ್ಳಬಹುದಾದ ಒಂದೆರಡು ಸಣ್ಣ ಮರೆಗಳನ್ನು ಅದೇ ಕೋಣೆಯಲ್ಲಿ ಮಾಡಿಸುವುದು ಮೇಲು. ಮೈ ತೋರಿಸಲು ಸಂಕೋಚಪಡುವ ಇತರ ಹದಿಹರೆಯದವರೂ ಅವನ್ನು ಬಳಸುತ್ತಾರೆ, ಮತ್ತು ಪಂದ್ಯದ ಮುನ್ನ ಕೋಣೆಯಲ್ಲಿ ನಡೆಯುವ ಕೋಚ್ ಮಾತು ನಿಮಗೆ ತಪ್ಪುವುದಿಲ್ಲ. ಬೇರೆ ಊರಿನ ಪಂದ್ಯಾವಳಿಗೆ ಹೋಗುವಾಗ ಯಾರು ಯಾರೊಂದಿಗೆ ಮಲಗುತ್ತಾರೆ ಎಂಬುದನ್ನು ಬಸ್ಸು ಹತ್ತಿದ ಮೇಲೆ ಚರ್ಚಿಸುವ ಅಭ್ಯಾಸವನ್ನು ಕೋಚ್‌ಗಳು ದಯವಿಟ್ಟು ಬಿಡಬೇಕು.

ಎದೆಯನ್ನು ಚಪ್ಪಟೆಯಾಗಿಸಲು ಬೈಂಡರ್ ಧರಿಸುವ ಹುಡುಗರಿಗೆ ಒಂದು ಎಚ್ಚರಿಕೆ: ಅದನ್ನು ತೊಟ್ಟು ಓಡಬೇಡಿ, ಈಜಬೇಡಿ. ಪಕ್ಕೆಲುಬುಗಳು ಪೂರ್ತಿ ಹಿಗ್ಗದೆ ಉಸಿರು ಕಟ್ಟುತ್ತದೆ. ಆಟದ ಹೊತ್ತಿಗೆ ಬಿಗಿಯಾದ ಸ್ಪೋರ್ಟ್ಸ್ ಬ್ರಾ ಅಥವಾ ಕಂಪ್ರೆಷನ್ ಅಂಗಿ ಸಾಕು. ಉಳಿದ ಹೊತ್ತಿನಲ್ಲೂ ಬೈಂಡರ್ ಎಂಟು ಗಂಟೆಗೆ ಮೀರದಿರಲಿ, ಗಾಯಕ್ಕೆ ಸುತ್ತುವ ಬ್ಯಾಂಡೇಜಂತೂ ಎದೆಗೆ ಬೇಡವೇ ಬೇಡ. ತಂಡದ ಉಡುಪು ತೀರ ಬಿಗಿಯಾಗಿದ್ದರೆ ಅದರ ಒಳಗೆ ಅದೇ ಬಣ್ಣದ ಅಂಗಿ ಅಥವಾ ಸ್ವಲ್ಪ ಉದ್ದದ ಚಡ್ಡಿ ಧರಿಸಲು ನಿಯಮ ಬಿಡುತ್ತದೆಯೇ ಎಂದು ಕೇಳಿ.

ಹಾರ್ಮೋನ್ ಚಿಕಿತ್ಸೆಯಲ್ಲಿರುವವರು ತಮ್ಮ ವೈದ್ಯರಿಗೆ ತಾವು ವಾರಕ್ಕೆ ಎಷ್ಟು ಗಂಟೆ ಅಭ್ಯಾಸ ಮಾಡುತ್ತೇವೆಂಬುದನ್ನು ಹೇಳಲೇಬೇಕು. ಟೆಸ್ಟೋಸ್ಟೆರೋನ್ ಪರಿಣಾಮವನ್ನು ತಡೆಯಲು ಕೊಡುವ ಸ್ಪಿರೊನೊಲ್ಯಾಕ್ಟೋನ್ ಎಂಬ ಔಷಧಿ ಮೂತ್ರವನ್ನು ಹೆಚ್ಚಿಸುವುದರಿಂದ ಬಿಸಿಲಿನ ಆಟದಲ್ಲಿ ನೀರಿನಂಶ ಬೇಗ ಕಡಿಮೆಯಾಗುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರಬಹುದು. ಪ್ರೌಢಾವಸ್ಥೆಯನ್ನು ತಡೆಹಿಡಿಯುವ ಔಷಧಿಯ ಅವಧಿಯಲ್ಲಿ ಮೂಳೆ ಗಟ್ಟಿಯಾಗುವ ವೇಗ ತಗ್ಗುತ್ತದೆ, ಆದ್ದರಿಂದ ಕ್ಯಾಲ್ಸಿಯಂ, ವಿಟಮಿನ್ ಡಿ ಮತ್ತು ಮೂಳೆಯ ಮೇಲೆ ಭಾರ ಬೀಳುವ ವ್ಯಾಯಾಮದ ಬಗ್ಗೆ ವಿಚಾರಿಸಿ. ಉದ್ದೀಪನ ಮದ್ದಿನ ಪರೀಕ್ಷೆ ನಡೆಯುವ ಮಟ್ಟಕ್ಕೆ ಏರುವ ಆಸೆಯಿದ್ದರೆ ಇನ್ನೊಂದು ಮಾತು: ಟೆಸ್ಟೋಸ್ಟೆರೋನ್ ಮತ್ತು ಸ್ಪಿರೊನೊಲ್ಯಾಕ್ಟೋನ್ ಎರಡೂ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ನಿಷೇಧಿತ ಪಟ್ಟಿಯಲ್ಲಿವೆ, ವೈದ್ಯಕೀಯ ವಿನಾಯಿತಿ ಪತ್ರವನ್ನು ಮುಂಚಿತವಾಗಿ ಪಡೆಯಬೇಕು.

ತಂಡದೊಂದಿಗೆ ಮೊದಲ ವಾರಗಳು

ಎಲ್ಲರನ್ನೂ ಕೂರಿಸಿ ಘೋಷಣೆ ಮಾಡಬೇಕೆ? ನನ್ನ ಉತ್ತರ, ಬೇಡ; ನಿಮಗೇ ಹಾಗೆ ಹೇಳಬೇಕೆನ್ನಿಸಿದರೆ ಮಾತ್ರ ಬೇರೆ ಮಾತು. ಘೋಷಣೆಯಾದ ಕೂಡಲೇ ನೀವು ತಂಡಕ್ಕೆ ಒಂದು ‘ವಿಷಯ’ವಾಗುತ್ತೀರಿ, ಆಟಗಾರರಾಗಿ ಪರಿಚಯವಾಗುವುದು ಹಿಂದೆ ಬೀಳುತ್ತದೆ. ಮೊದಲು ಅಭ್ಯಾಸದ ಜೊತೆಗಾರರೊಬ್ಬರನ್ನು ಹುಡುಕಿಕೊಳ್ಳಿ: ಬೆಚ್ಚಗಾಗುವ ಓಟದಲ್ಲಿ ನಿಮ್ಮ ವೇಗಕ್ಕೆ ಹೊಂದುವವರು, ಚೆಂಡು ಹೆಕ್ಕಿ ಚೀಲಕ್ಕೆ ತುಂಬಲು ಕೊನೆಯವರೆಗೂ ಉಳಿಯುವವರು. ಹತ್ತು ನಿಮಿಷ ಬೇಗ ಬಂದು ನೆಟ್ ಕಟ್ಟಲು ಕೈ ಹಾಕಿ. ಹೇಳಬೇಕೆನ್ನಿಸಿದಾಗ ಮೊದಲು ಒಬ್ಬರಿಗೆ ಹೇಳಿ, ಮತ್ತು ‘ಇದು ಇನ್ನೂ ಎಲ್ಲರಿಗೂ ಗೊತ್ತಿಲ್ಲ, ನಾನೇ ಹೇಳುತ್ತೇನೆ’ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಿ.

ನೀವು ಹೇಳುವ ಮೊದಲೇ ಸುದ್ದಿ ಹಬ್ಬಿದರೆ ಕಳೆದುಹೋದ ಗುಟ್ಟನ್ನು ಬೆನ್ನಟ್ಟಬೇಡಿ. ಅದೇ ದಿನ ಕೋಚ್‌ಗೆ ತಿಳಿಸಿ, ಮೊಬೈಲಿನಲ್ಲಿ ಬಂದ ಸಂದೇಶಗಳ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಮರುದಿನದ ಅಭ್ಯಾಸವನ್ನು ಮಾತ್ರ ತಪ್ಪಿಸಬೇಡಿ. ಸುರಕ್ಷತೆಯ ಭಯವಿದ್ದರೆ ಈ ಕೊನೆಯ ಮಾತು ಅನ್ವಯಿಸುವುದಿಲ್ಲ. ಆಗ ದೊಡ್ಡವರು ಜೊತೆಗಿಲ್ಲದೆ ಹೋಗಬೇಡಿ. ತಂಡದೊಳಗಿನ ಕುಹಕಕ್ಕೆ ಉತ್ತರಿಸುವ ಹೊಣೆ ನಿಮಗಿಂತ ನಾಯಕನಿಗೋ ನಾಯಕಿಗೋ ಹೆಚ್ಚು, ಮತ್ತು ಕೋಚ್ ಆ ಹೊಣೆಯನ್ನು ಋತುವಿನ ಆರಂಭದಲ್ಲೇ ನಾಯಕ ಅಥವಾ ನಾಯಕಿಗೆ ವಹಿಸಿರಬೇಕು.

ಎದುರಾಳಿ ತಂಡದ ಪೋಷಕರು ಗ್ಯಾಲರಿಯಿಂದ ‘ಅದು ಹುಡುಗಿಯೇ ಅಲ್ಲ’ ಎಂದು ಕೂಗಿದಾಗ ಕೋಚ್ ನಿಮ್ಮನ್ನು ಬದಿಗೆ ಕರೆದು ವಿವರಣೆ ಕೇಳಬಾರದು. ರೆಫರಿಯ ಬಳಿಗೆ ತಾವೇ ಪತ್ರ ಹಿಡಿದು ಹೋಗಬೇಕು. ಇಂಥ ಅನುಮಾನ ಟ್ರಾನ್ಸ್ ಹುಡುಗಿಯರಿಗಷ್ಟೇ ತಟ್ಟುವುದಿಲ್ಲ. ಭಾರತದ ಓಟಗಾರ್ತಿ ದ್ಯುತಿ ಚಂದ್ ಟ್ರಾನ್ಸ್‌ಜೆಂಡರ್ ಅಲ್ಲ. ಆದರೂ ಶರೀರದಲ್ಲಿ ಸಹಜವಾಗಿದ್ದ ಟೆಸ್ಟೋಸ್ಟೆರೋನ್ ಪ್ರಮಾಣದ ಕಾರಣಕ್ಕೆ 2014ರಲ್ಲಿ ಅವರನ್ನು ಕಾಮನ್‌ವೆಲ್ತ್ ಕ್ರೀಡಾಕೂಟದ ತಂಡದಿಂದ ಕೈಬಿಡಲಾಯಿತು, 2015ರ ಜುಲೈನಲ್ಲಿ ಕ್ರೀಡಾ ನ್ಯಾಯಮಂಡಳಿ ಆ ನಿಯಮವನ್ನು ತಡೆಹಿಡಿದ ಮೇಲಷ್ಟೇ ಅವರ ದಾರಿ ತೆರೆಯಿತು. ಕೂದಲು ಗಿಡ್ಡವಿರುವ, ಭುಜ ಅಗಲವಿರುವ ಯಾವ ಹುಡುಗಿಗೂ ನಾಳೆ ಇದೇ ಕೂಗು ಎದುರಾಗಬಹುದೆಂಬುದನ್ನು ಕೋಚ್‌ಗಳು ಉಳಿದ ಆಟಗಾರರಿಗೆ ತಿಳಿಹೇಳಿದರೆ ಅವರೇ ಮುಂದೆ ಬಂದು ನಿಲ್ಲುತ್ತಾರೆ.

ನಿಯಮ ಬಿಡದಿದ್ದರೆ

ಕೆಲವು ಕಡೆ ನಿಮ್ಮ ತಂಡದಲ್ಲಿ ಸ್ಪರ್ಧಿಸಲು ಅನುಮತಿ ಸಿಗುವುದೇ ಇಲ್ಲ. ಆಗ ಮಾಡಬೇಕಾದ ಮೊದಲ ಪ್ರಶ್ನೆ, ಸ್ಪರ್ಧೆಗೆ ಅವಕಾಶವಿಲ್ಲದಿದ್ದರೂ ಅಭ್ಯಾಸಕ್ಕೆ ಇದೆಯೇ ಎಂಬುದು. ಅನೇಕ ನಿಯಮಗಳು ಇವೆರಡನ್ನು ಬೇರೆಯಾಗಿ ನೋಡುತ್ತವೆ. ಎರಡನೆಯದು, ಮಿಶ್ರ ತಂಡಗಳು, ಮುಕ್ತ ವಿಭಾಗದ ಓಟಗಳು ಅಥವಾ ಶಾಲೆಯ ಹೊರಗಿನ ಕ್ಲಬ್‌ಗಳ ನಿಯಮವೇನು ಎಂಬುದು. ಮನಸ್ಸು ಒಪ್ಪದ ವಿಭಾಗದಲ್ಲಿ ಆಡುವುದೋ ಆಟವನ್ನೇ ಬಿಡುವುದೋ ಎಂಬ ಪ್ರಶ್ನೆಗೆ ಹೊರಗಿನವರು ಉತ್ತರ ಕೊಡಲಾಗದು. ಮಹಿಳಾ ತಂಡಕ್ಕೆ ಆಯ್ಕೆಯಾಗಿದ್ದ ಅಮೆರಿಕದ ಟ್ರಾನ್ಸ್ ಪುರುಷ, ಈಜುಗಾರ ಸ್ಕೈಲರ್ ಬೈಲರ್ ಅವರಿಗೆ ಹಾರ್ವರ್ಡ್ ವಿಶ್ವವಿದ್ಯಾಲಯದ ಕೋಚ್‌ಗಳು ಎರಡು ತಂಡಗಳ ಬಾಗಿಲನ್ನೂ ತೆರೆದಿಟ್ಟರು. ಅವರು 2015ರಲ್ಲಿ ಪುರುಷರ ತಂಡವನ್ನು ಆರಿಸಿಕೊಂಡರು, ಅಲ್ಲಿ ಮೊದಲ ಸ್ಥಾನ ಕಷ್ಟವೆಂದು ಗೊತ್ತಿದ್ದೂ ನಾಲ್ಕು ವರ್ಷ ಈಜಿದರು. ಅಂಥ ಆಯ್ಕೆ ಎಲ್ಲರಿಗೂ ಸಿಗುವುದಿಲ್ಲ. ಆಟ ನಿಂತ ಅವಧಿಯಲ್ಲಿ ನಿದ್ದೆ, ಊಟ, ಮಾತು ಮೂರೂ ಕಡಿಮೆಯಾಗುತ್ತಿದ್ದರೆ ಪೋಷಕರು ಅದನ್ನು ಹಟವೆಂದು ತಿಳಿಯದೆ ಆಪ್ತಸಮಾಲೋಚಕರ ಬಳಿ ಕರೆದೊಯ್ಯಬೇಕು, ಮತ್ತು ದೇಹಕ್ಕೆ ರೂಢಿಯಾದ ಹೊತ್ತಿನಲ್ಲಿ ಯಾವುದಾದರೊಂದು ವ್ಯಾಯಾಮ ಮುಂದುವರಿಯುವಂತೆ ನೋಡಿಕೊಳ್ಳಬೇಕು. ನಿಯಮಗಳು ವರ್ಷದಿಂದ ವರ್ಷಕ್ಕೆ ಎರಡೂ ದಿಕ್ಕಿಗೆ ಬದಲಾಗುತ್ತಿವೆ. ಪ್ರತಿ ಋತುವಿನ ನೋಂದಣಿಗೆ ಒಂದು ತಿಂಗಳು ಮುನ್ನ ಕಡತವನ್ನು ತೆಗೆದು, ಸಂಘದ ಹೊಸ ನಿಯಮಪುಸ್ತಕದೊಂದಿಗೆ ಹೋಲಿಸಿ ನೋಡಿ.